ಎಡಸೀಟಿನ ಬ್ರೇಕು

ಬೀದರಿನ ಶೋರೂಮಿನಲ್ಲಿ ಕೊರಳಿಗೆ ಕಾರ್ಡು ತೂಗುಬಿಟ್ಟಿದ್ದ ಸರ್ವಿಸ್ ವಿಭಾಗದವರೊಬ್ಬರು ಎರಡು ಪುಟದ ಪಟ್ಟಿಯನ್ನು ನನ್ನ ಮುಂದಿಟ್ಟು, "ಇಲ್ಲೊಂದು ಸಹಿ ಮಾಡ್ರಿ ಮೇಡಮ್" ಅಂದರು. ನಾನು ಹೋಗಿದ್ದು ಬ್ರೇಕ್ ಒತ್ತಿದಾಗ ಮುಂದಿನ ಚಕ್ರದಲ್ಲಿ ಬರುತ್ತಿದ್ದ ಕಿರ್ರೆನ್ನುವ ಸದ್ದಿಗೆ. ಪಟ್ಟಿಯಲ್ಲಿ ಪ್ಯಾಡು, ಡಿಸ್ಕು, ಎರಡೂ ಕಡೆಯ ಕ್ಯಾಲಿಪರು, ಮಾಸ್ಟರ್ ಸಿಲಿಂಡರು ಎಲ್ಲ ಇದ್ದವು. ಕೊನೆಯ ಸಾಲಿನಲ್ಲಿ ವೈಪರ್ ಬ್ಲೇಡೂ ಇತ್ತು. ವೈಪರಿಗೂ ಬ್ರೇಕಿಗೂ ಏನು ಸಂಬಂಧ ಎಂದು ಕೇಳಿದೆ. "ಹಳೇದಾಗ್ಯಾವ್ರಿ" ಅಂದರು. ಆಮೇಲೆ ಎಡಸೀಟಿನ ಮುಂದಿದ್ದ ಹೆಚ್ಚುವರಿ ಪೆಡಲ್ಲುಗಳನ್ನು ತೋರಿಸಿ, "ಇವು ಹೊರಗ ಕೂಡ್ರಿಸಿದ್ದು. ಇವನ್ನ ತೆಗಿಸ್ಕೊಂಡು ಬಂದ್ರ ನಾವು ಗಾಡಿ ಮುಟ್ತೇವ್ರಿ, ಇಲ್ಲಾಂದ್ರ ಇಲ್ಲ" ಅಂತ ಸೇರಿಸಿದರು.

ನನ್ನದು ಔರಾದದಲ್ಲಿ ಒಂದು ಡ್ರೈವಿಂಗ್ ಸ್ಕೂಲು. ಇರುವುದೊಂದೇ ಕಾರು. ಕಲಿಯುವವರು ಬಲಕ್ಕೆ, ನಾನು ಎಡಕ್ಕೆ. ನನ್ನ ಕಾಲ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು. ನನ್ನ ಬ್ರೇಕಿನಿಂದ ಒಂದು ಕೇಬಲ್ಲು ಹೋಗಿ ಆ ಕಡೆಯ ಅಸಲಿ ಬ್ರೇಕ್ ಪೆಡಲ್ಲನ್ನು ಎಳೆಯುತ್ತದೆ. ಅದನ್ನು ತೆಗೆದರೆ ಅದು ಬರೀ ಕಾರು, ನನ್ನ ಅನ್ನ ಅದರಲ್ಲಿ ಹುಟ್ಟುವುದಿಲ್ಲ. ಕೀಲಿ ಕೊಡಿರೆಂದು ಕೈ ಚಾಚಿದೆ.

ಸಿಟ್ಟು ಬಂತು, ಆದರೆ ಶೋರೂಮಿನ ಹಂಗು ನನಗೇನೂ ಇರಲಿಲ್ಲ. ನಮ್ಮಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕೆಟ್ಟಾಗ ಅಲ್ಲೇ ಹೊಲದಲ್ಲಿ ಬಿಚ್ಚಿ, ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಗೋಣಿಚೀಲದ ಮೇಲೆ ಸಾಲಾಗಿ ಇಡುವುದನ್ನು ಅವನಿಂದಲೇ ಕಲಿತಿದ್ದೆ. ಎರಡು ವರ್ಷದಿಂದ ಕಾರಿನ ಆಯಿಲ್ಲು, ಫಿಲ್ಟರು, ಬೆಲ್ಟು, ಪ್ಲಗ್ಗು ಎಲ್ಲವನ್ನೂ ನಾನೇ ಬದಲಿಸಿಕೊಳ್ಳುತ್ತಿದ್ದೆ. ಅದರಲ್ಲಿ ಉಳಿತಾಯ ಇತ್ತು ನಿಜ. ಸ್ವಲ್ಪ ಜಂಬವೂ ಇತ್ತು. ಹೆಂಗಸು ಜಾಕು ಹಚ್ಚುವುದನ್ನು ನೋಡಲು ಬಸ್‌ಸ್ಟ್ಯಾಂಡಿನ ಕಡೆಯಿಂದ ಜನ ಬಂದು ನಿಲ್ಲುತ್ತಿದ್ದರು, ನಾನು ಅದನ್ನು ಬೇಡ ಅನ್ನುತ್ತಿರಲಿಲ್ಲ.

ಆ ದಿನಗಳಲ್ಲಿ ನನ್ನಲ್ಲಿ ಕಲಿಯುತ್ತಿದ್ದವಳು ಕುರಿ ಸಾಕುವ ಮನೆತನದ ಒಬ್ಬ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಊರು ಔರಾದದಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಅವರ ಪಂಚಾಯತಿಗೆ ಕಸ ಒಯ್ಯುವ ಹೊಸ ಗಾಡಿ ಬಂದಿತ್ತು, ಅದನ್ನು ಓಡಿಸುವ ಕೆಲಸ ಮಹಿಳಾ ಸಂಘದವರಿಗೇ ಎಂದು ಠರಾವಾಗಿತ್ತು. ಮೂವರು ಹೆಸರು ಕೊಟ್ಟಿದ್ದರು. ತಿಂಗಳ ಕೊನೆಯ ಸಭೆಗೆ ಯಾರು ಲೈಸೆನ್ಸ್ ತರುತ್ತಾರೋ ಅವರಿಗೆ ಗಾಡಿ. ಉಳಿದಿಬ್ಬರು ನಡುವೆಯೇ ಬಿಟ್ಟರು. ಇವಳು ಮಾತ್ರ ಬೆಳಿಗ್ಗೆ ಕುರಿ ಬಿಟ್ಟು, ಮೈದುನನಿಗೆ ಒಪ್ಪಿಸಿ, ಎಂಟರ ಬಸ್ಸಿಗೆ ತಪ್ಪದೆ ಬರುತ್ತಿದ್ದಳು. "ತಿಂಗಳಿಗೊಮ್ಮೆ ನನ್ನ ಹೆಸರಿಗೆ ಪಗಾರ ಬರ್ತದ್ರಿ ಅಕ್ಕೋರೆ. ನನ್ನ ಹೆಸರಿಗೆ ಏನರೆ ಬಂದದ್ದು ಇಲ್ಲೀತನ ಬರೀ ಆಧಾರ್ ಕಾರ್ಡ್" ಎಂದು ಮೊದಲ ದಿನವೇ ಹೇಳಿ ನಕ್ಕಿದ್ದಳು. ಟೆಸ್ಟಿನ ತಾರೀಖು ಬೀದರಿನಲ್ಲಿ ನಿಗದಿಯಾಗಿತ್ತು. ಅದು ತಪ್ಪಿದರೆ ಮುಂದಿನ ತಾರೀಖು ಸಭೆಯ ಆಚೆಗೆ ಬೀಳುತ್ತಿತ್ತು.

ಟೆಸ್ಟಿಗೆ ಹದಿನಾರು ದಿನ ಇದ್ದಾಗ ಒಂದು ಘಟನೆ ನಡೆಯಿತು. ಸಂತಪುರದ ಕಡೆ ಹೋಗುತ್ತಿದ್ದಾಗ ಎಡಗಡೆಯ ಹೊಲದಿಂದ ಕುರಿಹಿಂಡೊಂದು ರಸ್ತೆಗೆ ಏರಿತು. ಅವಳು ಗಾಡಿ ನಿಧಾನ ಮಾಡಿದಳೇ ಹೊರತು ನಿಲ್ಲಿಸಲಿಲ್ಲ. ನಾನು ನನ್ನ ಬ್ರೇಕು ಒತ್ತಿದೆ. ಪೆಡಲ್ಲು ಮೊದಲು ಒಂದು ಬೆರಳಿನಷ್ಟು ಖಾಲಿ ಇಳಿಯಿತು, ಆಮೇಲೆ ಹಿಡಿಯಿತು. ಗಾಡಿ ನಿಂತಾಗ ಕೊನೆಯ ಕುರಿಗೂ ಬಂಪರಿಗೂ ನಡುವೆ ಒಂದು ಗೇಣು ಉಳಿದಿತ್ತು.

"ಯಾಕ ಒತ್ತಿದ್ರಿ? ಮುಂದಿನ ಟಗರು ಆಗ್ಲೇ ಆಕಡಿ ತಿರಿಗಿತ್ರಿ. ಉಳಿದಾವು ಅದರ ಹಿಂದೇ ಹೋಗ್ತಾವ" ಅಂದಳು.

"ಟಗರು ನೋಡ್ಕೋತ ಗಾಡಿ ನಡಸ್ತಾರೇನು?" ಎಂದು ಗದರಿದೆ. ಆ ಒಂದು ಬೆರಳಿನ ಖಾಲಿ ಜಾಗ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮರುದಿನ ಭಾನುವಾರ. ಬೀದರಿನಿಂದ ತಂದಿದ್ದ ಹೊಸ ಪ್ಯಾಡುಗಳನ್ನು ಹಾಕಲು ಕೂತೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಡಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಲಿಸಿ, ಆಮೇಲೆ ಜಾಕು ಎತ್ತಿದೆ. ಕ್ಯಾಲಿಪರನ್ನು ಬಿಚ್ಚಿ, ರಬ್ಬರ್ ಪೈಪಿನ ಮೇಲೆ ಭಾರ ಬೀಳದಂತೆ ತಂತಿಯಿಂದ ಮೇಲಕ್ಕೆ ಕಟ್ಟಿದೆ. ಪಿಸ್ಟನ್ನಿಗೆ ಹಳೆಯ ಪ್ಯಾಡು ಅಡ್ಡ ಕೊಟ್ಟು ಕ್ಲಾಂಪಿನಿಂದ ಒಳಕ್ಕೆ ಒತ್ತಿದೆ. ಒತ್ತಿದಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ಲು ಏರುತ್ತದೆ, ಅದು ಹೊರಚೆಲ್ಲಿದರೆ ಬಣ್ಣ ತಿನ್ನುತ್ತದೆ. ಸಿರಿಂಜಿನಿಂದ ಸ್ವಲ್ಪ ಎಳೆದು ತೆಗೆದೆ. ಪಿನ್ನುಗಳನ್ನು ಒರೆಸಿ ಗ್ರೀಸು ಹಚ್ಚಿ, ಕಿರ್ರೆನ್ನುತ್ತಿದ್ದ ಕಡೆ ತುಕ್ಕು ಕೆರೆದು, ಹೊಸ ಪ್ಯಾಡು ಕೂಡ್ರಿಸಿದೆ. ಶೋರೂಮಿನ ಎರಡು ಪುಟದಲ್ಲಿ ಬೇಕಾಗಿದ್ದದ್ದು ಒಂದೇ ಸಾಲು. ಗಾಡಿ ಕದಲಿಸುವ ಮೊದಲು ಪೆಡಲ್ಲನ್ನು ನಾಲ್ಕಾರು ಸಲ ಒತ್ತಿ ಗಟ್ಟಿ ಮಾಡಿಕೊಂಡೆ. ಸದ್ದು ಹೋಗಿತ್ತು.

ಪಾನಾ, ಸ್ಪ್ಯಾನರುಗಳನ್ನು ಒರೆಸಿ ಇಡುವ ಹೊತ್ತಿಗೆ ನಿನ್ನೆಯ ಕುರಿ ನೆನಪಾಯಿತು. ಎಡಸೀಟಿನ ಕೆಳಗೆ ತಲೆ ಹಾಕಿ, ನನ್ನ ಬ್ರೇಕಿನ ಕೇಬಲ್ಲಿನ ನಟ್ಟನ್ನು ಎರಡು ಸುತ್ತು ಬಿಗಿದೆ. ಖಾಲಿ ಜಾಗ ಹೋಯಿತು. ಈಗ ನನ್ನ ಕಾಲು ಮುಟ್ಟಿದ ಕೂಡಲೇ ಗಾಡಿ ಹಿಡಿಯುತ್ತಿತ್ತು. ಆ ಪೆಡಲ್ಲುಗಳನ್ನು ಕೂಡ್ರಿಸಿದ್ದ ಭಾಲ್ಕಿಯ ಮಿಸ್ತ್ರಿ ಅಷ್ಟು ಸಡಲ ಯಾಕೆ ಬಿಟ್ಟಿದ್ದರೋ, ಆಲಸಿತನ ಇರಬೇಕು ಅಂದುಕೊಂಡೆ. ಅರ್ಧ ನಿಮಿಷದ ಕೆಲಸ, ಮರೆತೂಬಿಟ್ಟೆ.

ಎರಡನೆಯ ದಿನಕ್ಕೆ ತಂಟೆ ಶುರುವಾಯಿತು. "ಅಕ್ಕೋರೆ, ಗಾಡಿ ಎಳೀಲತ್ತದ್ರಿ. ಹಿಂದ ಯಾರೋ ಹಿಡಕೊಂಡಂಗ" ಅಂದಳು. ಕ್ಲಚ್ಚು ಪೂರ್ತಿ ಬಿಟ್ಟಿರಲಿಕ್ಕಿಲ್ಲ ಅಂದೆ. ಪೂರ್ತಿ ಬಿಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಇಳಿದು ಮುಂದಿನ ಚಕ್ರದ ಹತ್ತಿರ ಕೈ ಒಯ್ದರೆ ಕಾವು ಮುಖಕ್ಕೆ ಹೊಡೆಯಿತು. ಎರಡೂ ಕಡೆ ಒಂದೇ ಸಮ.

ಮನೆಗೆ ಬಂದು ಮತ್ತೆ ಬಿಚ್ಚಿದೆ. ಜಾಕಿನ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸರಾಗವಾಗಿ ತಿರುಗಿತು. ಪಿನ್ನುಗಳಿಗೆ ಮತ್ತೆ ಗ್ರೀಸು ಹಚ್ಚಿದೆ. ಮರುದಿನ ಮತ್ತೆ ಅದೇ ವಾಸನೆ, ಅದೇ ಕಾವು. ಪಿಸ್ಟನ್ನು ವಾಪಸು ಸರಿಯುತ್ತಿಲ್ಲ ಎಂದು ತೀರ್ಮಾನಿಸಿ ಬೀದರಿನಿಂದ ರಬ್ಬರ್ ಕಿಟ್ ತರಿಸಿದೆ. ಎರಡೂ ಕ್ಯಾಲಿಪರು ಬಿಚ್ಚಿ, ಪಿಸ್ಟನ್ ಹೊರತೆಗೆದು, ನುಣುಪು ಕಾಗದದಿಂದ ಉಜ್ಜಿ, ಹೊಸ ರಬ್ಬರು ಹಾಕಿದೆ. ಆಮೇಲೆ ಪೈಪಿನೊಳಗಿನ ಗಾಳಿ ತೆಗೆಯಬೇಕು. ಅವಳೇ ಡ್ರೈವರ್ ಸೀಟಿನಲ್ಲಿ ಕೂತು ನಾನು ಹೇಳಿದಂತೆ ಪೆಡಲ್ ಒತ್ತಿ ಹಿಡಿದಳು, ನಾನು ಚಕ್ರದ ಬಳಿ ಪ್ಲಾಸ್ಟಿಕ್ ನಳಿಗೆಯನ್ನು ಬಾಟಲಿಗೆ ಇಳಿಬಿಟ್ಟು ತಿರುಪು ತೆರೆದು ಮುಚ್ಚಿದೆ. ಗುಳ್ಳೆ ಬರುವುದು ನಿಂತಿತು. ಚಕ್ರ ಮತ್ತೆ ಸರಾಗ. ರಸ್ತೆಗೆ ಇಳಿದು ಹತ್ತು ಕಿಲೋಮೀಟರು ಹೋದರೆ ಮತ್ತೆ ಕಾವು.

ಮನೆಯಲ್ಲಿ ಇಲ್ಲದ ರೋಗ ರಸ್ತೆಯಲ್ಲಿ ಬರುತ್ತಿತ್ತು. ಮನೆಯಲ್ಲಿ ಇಲ್ಲದೆ ರಸ್ತೆಯಲ್ಲಿ ಮಾತ್ರ ಇದ್ದದ್ದು ಏನು? ಅವಳು. ನನ್ನ ಲೆಕ್ಕ ಅಲ್ಲಿಗೆ ಹೋಗಿ ನಿಂತಿತು, ಮುಂದಕ್ಕೆ ಹೋಗಲಿಲ್ಲ. ಹೊಸದಾಗಿ ಕಲಿಯುವವರು ಹೆದರಿಕೆಯಿಂದ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದುಂಟು. ನಾನು ಎಷ್ಟೋ ಜನರಲ್ಲಿ ಕಂಡಿದ್ದೇನೆ.

"ನಿನ್ನ ಕಾಲು ಬ್ರೇಕಿನ ಮ್ಯಾಲೇ ಇರ್ತದ" ಅಂದೆ.

"ಇಲ್ರಿ ಅಕ್ಕೋರೆ."

"ನಿನಗ ಗೊತ್ತಾಗಂಗಿಲ್ಲ. ಅಂಜಿಕಿಗೆ ತಾನೇ ಹೋಗಿ ಕೂಡ್ತದ."

ಅವಳು ಬಗ್ಗಿ ತನ್ನ ಕಾಲನ್ನೇ ನೋಡಿಕೊಂಡಳು. ಅಂದಿನಿಂದ ಅವಳ ಕಣ್ಣು ರಸ್ತೆಯಿಂದ ಕಾಲಿಗೆ, ಕಾಲಿನಿಂದ ರಸ್ತೆಗೆ ಓಡಾಡತೊಡಗಿತು. ಒಮ್ಮೆಯೂ ಎಂಜಿನ್ ಆರಿಸದವಳು ದಿನಕ್ಕೆ ನಾಲ್ಕು ಸಲ ಆರಿಸಿದಳು. "ಕಾಲು" ಎಂದು ನಾನು ಅಂದಾಗಲೆಲ್ಲ ಬೆಚ್ಚಿ ಮೊಣಕಾಲು ಮೇಲೆತ್ತುತ್ತಿದ್ದಳು. ನಾನು ದಿನಕ್ಕೆ ಎಷ್ಟು ಸಲ ಅಂದೆನೋ ನೆನಪಿಲ್ಲ. ನೆನಪಿಲ್ಲದಷ್ಟು ಅಂದೆ ಎನ್ನುವುದೇ ಈಗ ನಾಚಿಕೆ ತರುತ್ತದೆ.

ಟೆಸ್ಟಿಗೆ ಮೂರು ದಿನ ಇತ್ತು. ದಾರಿ ರೂಢಿಯಾಗಲಿ ಎಂದು ಬೀದರಿನ ಕಡೆಗೆ ಹೊರಟೆವು. ಸಂತಪುರ ದಾಟಿ, ಮಾಂಜ್ರಾ ಹೊಳೆಯ ಕಡೆಗೆ ರಸ್ತೆ ಇಳಿಯುವಲ್ಲಿ ಅವಳು ಬ್ರೇಕು ಒತ್ತಿದಳು.

"ಅಕ್ಕೋರೆ, ಬ್ರೇಕ್ ಕೆಳಗ ಹೋತ್ರಿ" ಅಂದಳು. ಕೂಗಲಿಲ್ಲ, ಬಸ್ಸು ಹೋಯಿತು ಅನ್ನುವ ಹಾಗೆ ಹೇಳಿದಳು.

ನಾನು ನನ್ನ ಪೆಡಲ್ಲನ್ನು ಒತ್ತಿದೆ. ಅದೂ ತಳ ಸೇರಿತು. ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು. ಹನ್ನೊಂದು ವರ್ಷ ಕಲಿಸಿದವಳು ನಾನು. ಏನು ಮಾಡಬೇಕೆಂದು ಎಲ್ಲರಿಗೂ ಹೇಳಿಕೊಟ್ಟವಳು. ಆ ಹೊತ್ತಿನಲ್ಲಿ ಸತ್ತ ಪೆಡಲ್ಲನ್ನು ಮತ್ತೆ ಮತ್ತೆ ಒತ್ತುವುದು ಬಿಟ್ಟು ನನಗೆ ಏನೂ ಹೊಳೆಯಲಿಲ್ಲ. ಅವಳು ಮೂರನೆಯ ಗೇರಿಗೆ ತಂದಳು, ಆಮೇಲೆ ಎರಡಕ್ಕೆ. ಎಂಜಿನ್ನು ಅರಚಿಕೊಂಡಿತು. ರಸ್ತೆಯ ಎಡಕ್ಕೆ ಚರಂಡಿ ಇಲ್ಲದ ಜಾಗವನ್ನು ದೂರದಿಂದಲೇ ಗುರುತಿಸಿದ್ದಳು ಅನ್ನಿಸುತ್ತದೆ. ಅಲ್ಲಿಂದ ತೊಗರಿ ಕೊಯ್ದ ಹೊಲಕ್ಕೆ ಗಾಡಿ ಇಳಿಸಿದಳು. ಕೂಳೆಗಳು ಕೆಳಗೆ ಪಟಪಟ ಬಡಿದವು. ಆಗ ನನಗೆ ಹ್ಯಾಂಡ್‌ಬ್ರೇಕು ನೆನಪಾಗಿ ಮೆಲ್ಲಗೆ ಎಳೆದೆ. ಗಾಡಿ ಮಣ್ಣಲ್ಲಿ ನಿಂತಿತು.

ನಮ್ಮ ಹಿಂದೆ ಬೀದರಿಗೆ ಹೊರಟಿದ್ದ ತೊಗರಿಮೂಟೆಯ ಟೆಂಪೋ ನಿಂತಿತು. ಚಾಲಕ ಹಿರಿಯ ಮನುಷ್ಯ. ಇಳಿದು ಬಂದು ಇಬ್ಬರನ್ನೂ ನೋಡಿ, "ಯಾರಿಗೂ ಏನೂ ಆಗಿಲ್ಲಲ?" ಅಂದರು. ಆಮೇಲೆ, "ಸಂತಪುರದಿಂದ ನಿಮ್ಮ ಹಿಂದೇ ಬರ್ಲತ್ತೀನಿ. ನಿಮ್ಮ ಗಾಡಿ ಹಿಂದಿನ ಕೆಂಪು ಲೈಟ್ ಒಮ್ಮಿನೂ ಆರಿಲ್ಲ. ಬ್ರೇಕ್ ಒತಗೊಂಡೇ ಹೊಂಟಾರಲ್ಲ, ಸುಟ್ಟು ಹೋಗ್ತದ ಅಂತ ನಾಕ್ ಸಲ ಹಾರ್ನ್ ಹೊಡದೆ" ಅಂದರು. ಬೀದರಿನಲ್ಲಿ ಮೂಟೆ ಇಳಿಸಿ ಬರುವಾಗ ಹಗ್ಗ ಕಟ್ಟಿ ಎಳೆದು ಔರಾದಕ್ಕೆ ಮುಟ್ಟಿಸುತ್ತೇನೆಂದು ಹೇಳಿ ಹೋದರು.

ಅವಳು ನನ್ನ ಮುಖ ನೋಡಿದಳು. "ನನ್ನ ಕಾಲೇ ಇರ್ಬೇಕ್ರಿ ಅಕ್ಕೋರೆ. ನನಗ ಗೊತ್ತೇ ಆಗಿಲ್ಲ" ಅಂದಳು. ಹೊಲದ ಬದುವಿನ ಆಚೆ ಬೋರಿನ ನೀರು ಹರಿಯುತ್ತಿತ್ತು, ಮುಖ ತೊಳೆದು ಬರುತ್ತೇನೆಂದು ಅತ್ತ ಹೋದಳು.

ನಾನು ನನ್ನ ಸೀಟಿನಲ್ಲಿ ಹೋಗಿ ಕೂತೆ. ಕೂತ ಕೂಡಲೇ ಎಡಗಾಲು ಒಂದು ಕಡೆ, ಬಲಗಾಲು ಬ್ರೇಕಿನ ಮೇಲೆ. ಹನ್ನೊಂದು ವರ್ಷದ ಅಭ್ಯಾಸ. ಒತ್ತುವುದಿಲ್ಲ, ಸುಮ್ಮನೆ ಇಟ್ಟುಕೊಂಡಿರುತ್ತೇನೆ. ಆ ಕಾಲನ್ನು ನೋಡಿದೆ. ಆಮೇಲೆ ಇಳಿದು, ಮೊಬೈಲಿನಲ್ಲಿ ವಿಡಿಯೋ ಹಚ್ಚಿ, ಗಾಡಿಯ ಹಿಂದೆ ಒಂದು ಹೆಂಟೆಗೆ ಆನಿಸಿ ನಿಲ್ಲಿಸಿ, ಮತ್ತೆ ಬಂದು ಮೊದಲಿನಂತೆ ಕೂತೆ. ಹತ್ತು ಎಣಿಸಿ ಕಾಲೆತ್ತಿದೆ. ಮತ್ತೆ ಹತ್ತು ಎಣಿಸಿ ಇಟ್ಟೆ. ಹೋಗಿ ವಿಡಿಯೋ ನೋಡಿದರೆ ಎಲ್ಲ ಕಂಡಿತು. ನಾನು ಕೂತಾಗ ಕೆಂಪು. ಕಾಲೆತ್ತಿದಾಗ ಆರಿತು. ಇಟ್ಟಾಗ ಮತ್ತೆ ಕೆಂಪು.

ಕೇಬಲ್ಲಿನಲ್ಲಿ ಒಂದು ಬೆರಳು ಸಡಲ ಇದ್ದಾಗ ನನ್ನ ಕಾಲಿನ ಭಾರ ಆ ಸಡಲದಲ್ಲೇ ಕರಗಿ ಹೋಗುತ್ತಿತ್ತು. ಎರಡು ಸುತ್ತು ಬಿಗಿದ ಮೇಲೆ ಅದೇ ಭಾರ ನೇರ ಬ್ರೇಕಿಗೆ ಮುಟ್ಟಿತು. ಹತ್ತಾರು ದಿನದಿಂದ ಬ್ರೇಕು ಹಿಡಿದುಕೊಂಡೇ ಗಾಡಿ ಓಡಿತ್ತು. ಡಿಸ್ಕು ಕಾದು, ಆಯಿಲ್ಲು ಕುದಿದು, ಪೈಪಿನಲ್ಲಿ ಆವಿ ತುಂಬಿ, ಕೊನೆಗೆ ಪೆಡಲ್ಲು ತಳಕ್ಕೆ ಹೋಗಿತ್ತು. ಮನೆಯಲ್ಲಿ ಜಾಕಿನ ಮೇಲೆ ಚಕ್ರ ತಿರುಗಿಸುವಾಗ ನಾನು ಎಡಸೀಟಿನಲ್ಲಿ ಇರುತ್ತಿರಲಿಲ್ಲ. ಮನೆಯಲ್ಲಿ ಇಲ್ಲದೆ ರಸ್ತೆಯಲ್ಲಿ ಮಾತ್ರ ಇದ್ದದ್ದು ನಾನೂ ಹೌದು ಎಂಬುದು ನನ್ನ ಲೆಕ್ಕಕ್ಕೆ ಬಂದೇ ಇರಲಿಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. ನಾನು ವಿಡಿಯೋ ಅಳಿಸಿ ಮೊಬೈಲನ್ನು ಕಿಸೆಗೆ ಹಾಕಿಕೊಂಡೆ. "ಇರ್ಲಿ ಬಿಡು, ಕಲಿಯೋವಾಗ ಆಗ್ತದ" ಅಂದೆ.

ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ. ತಪ್ಪು ಮಾಡಿದ್ದು ಒಂದು, ಅದು ಗೊತ್ತಿಲ್ಲದೆ ಆದದ್ದು. ಈ ಮಾತು ಹಾಗಲ್ಲ, ಗೊತ್ತಿದ್ದು ಆಡಿದ್ದು. ಔರಾದದಲ್ಲಿ ನನ್ನ ಹೆಸರು ನಿಂತಿರುವುದೇ ಗಾಡಿ ಬಿಚ್ಚಿ ಕೂಡಿಸುವ ಹೆಂಗಸು ಎಂದು. ಸ್ವಂತ ರಿಪೇರಿಯಿಂದ ಕಲಿಯುವವಳನ್ನು ಹೊಲಕ್ಕೆ ಬೀಳಿಸಿದಳು ಎಂದು ಗೊತ್ತಾದರೆ ಯಾರು ಬರುತ್ತಾರೆ? ಅಷ್ಟೇ ನನ್ನ ಯೋಚನೆ. ಅವಳ ಬಗ್ಗೆ ಆ ಹೊತ್ತಿಗೆ ನಾನು ಯೋಚಿಸಲೇ ಇಲ್ಲ.

ಮರುದಿನ ಕೇಬಲ್ಲನ್ನು ಪೂರ್ತಿ ಸಡಲಿಸಿ, ಸುಟ್ಟ ಪ್ಯಾಡು ಬದಲಿಸಿ, ಕಪ್ಪಾಗಿದ್ದ ಆಯಿಲ್ಲನ್ನು ಹೊರಹಾಕಿ ಹೊಸದು ತುಂಬಿ, ಮನೆಯವರನ್ನು ಪೆಡಲ್ ಒತ್ತಲು ಕೂಡ್ರಿಸಿ ಗಾಳಿ ತೆಗೆದು, ನಿಧಾನಕ್ಕೆ ಭಾಲ್ಕಿಗೆ ಒಯ್ದೆ. ಆ ದಿನ ನನ್ನ ಕೈಯ ಮೇಲೆ ನನಗೇ ಭರವಸೆ ಇರಲಿಲ್ಲ. ಸ್ಟೇಷನ್ನಿನ ಕಡೆಯ ಶೆಡ್ಡಿನಲ್ಲಿ ಮಿಸ್ತ್ರಿ ಚಾಚಾ ಇದ್ದರು. ಸುತ್ತಲಿನ ಡ್ರೈವಿಂಗ್ ಸ್ಕೂಲಿನ ಕಾರುಗಳಿಗೆಲ್ಲ ಡಬಲ್ ಪೆಡಲ್ ಕೂಡ್ರಿಸುವವರು ಅವರೇ. ಚಕ್ರ ಬಿಚ್ಚಿ ಡಿಸ್ಕಿನ ನೀಲಿ ಬಣ್ಣ ನೋಡಿದರು, ಕೇಬಲ್ಲು ನೋಡಿದರು.

"ನೀವು ಬಿಗದ್ರೇನು ಮೇಡಮ್?"

"ಹೌದ್ರಿ."

"ಕಲಸೋರೆಲ್ಲರ ಕಾಲೂ ಪೆಡಲ್ ಮ್ಯಾಲೇ ಇರ್ತಾವ. ಬ್ಯಾಡ ಅಂದ್ರೂ ಬಿಡಂಗಿಲ್ಲ. ಅದಕ್ಕೇ ನಾ ಒಂದು ಬೆರಳು ಢೀಲಾ ಬಿಟ್ಟಿರ್ತೇನಿ" ಅಂದರು. ಬೈಯಲಿಲ್ಲ. ಆಲಸಿತನ ಅಂತ ಅಂದುಕೊಂಡಿದ್ದು ನನಗೆ ಚುಚ್ಚಿತು. ಡಿಸ್ಕು ಉಜ್ಜಿಸಿ, ಬಾಗಿದ್ದ ಕೇಬಲ್ಲು ಬದಲಿಸಿ, ಪೆಡಲ್ಲನ್ನು ಮೇಲಕ್ಕೆ ಎತ್ತಿ ಹಿಡಿಯಲು ಒಂದು ಸ್ಪ್ರಿಂಗು ಹಾಕತೊಡಗಿದರು.

ಅಷ್ಟರಲ್ಲಿ ಅವಳ ಫೋನು ಬಂತು.

"ಅಕ್ಕೋರೆ, ನಾಳಿದ್ದು ಟೆಸ್ಟಿಗೆ ನಾ ಬರಂಗಿಲ್ರಿ. ಸಂಘದಾಗೂ ಹೇಳ್ದೆ, ನನ್ನ ಹೆಸರು ತೆಗೀರಿ ಅಂತ."

"ಯಾಕ?"

"ಕಸದ ಗಾಡ್ಯಾಗ ನನ್ನ ಜೋಡಿ ಇನ್ನಾ ಇಬ್ರು ಹೆಣ್ಮಕ್ಕಳು ಕೂಡ್ತಾರ್ರಿ. ನನ್ನ ಕಾಲು ಎಲ್ಲಿರ್ತದಂತ ನನಗೇ ಗೊತ್ತಾಗಲ್ದಂದ್ರ ಅವರ ಜೀವದ ಹೊಣಿ ನಾ ಹ್ಯಾಂಗ ತಗೊಳ್ಲಿ? ನೀವು ಭಾಳ ಕಷ್ಟಪಟ್ರಿ. ತಪ್ಪು ತಿಳ್ಕೋಬ್ಯಾಡ್ರಿ."

ತಪ್ಪು ತಿಳಿದುಕೊಳ್ಳಬೇಡಿ ಎಂದು ಅವಳು ನನ್ನನ್ನು ಕೇಳುತ್ತಿದ್ದಳು. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ, ಅದೂ ಅಲ್ಲದೆ ಫೋನಿನಲ್ಲಿ ಹೇಳಿದರೆ ಸಮಾಧಾನಕ್ಕೆ ಹೇಳಿದ ಮಾತು ಅಂದುಕೊಳ್ಳುತ್ತಾಳೆ. "ಮನಿಯಾಗೇ ಇರು, ಬರ್ತೇನಿ" ಅಂದೆ. ಮಿಸ್ತ್ರಿ ಸ್ಪ್ರಿಂಗು ಹಾಕಿ ಮುಗಿಸುವವರೆಗೂ ಕಟ್ಟೆಯ ಮೇಲೆ ಕೂತು, ಏನು ಹೇಳಬೇಕೆಂದು ಜೋಡಿಸಿಕೊಂಡೆ. ಜೋಡಿಸಿದ್ದರಲ್ಲಿ ಅರ್ಧಕ್ಕರ್ಧ ಸಬೂಬುಗಳೇ ಇದ್ದವು. ಅವನ್ನೆಲ್ಲ ಬಿಟ್ಟರೆ ಉಳಿದದ್ದು ಎರಡೇ ವಾಕ್ಯ.

ಅವಳ ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹಟ್ಟಿಯಲ್ಲಿ ಕುರಿಗಳನ್ನು ಕೂಡಿಹಾಕುತ್ತಿದ್ದಳು. ನನ್ನನ್ನು ಕಂಡು ಚಾಪೆ ತರಲು ಹೊರಟಳು. ಬೇಡ ಅಂದೆ. ನಿಂತೇ ಹೇಳಿದೆ. "ನಿನ್ನ ಕಾಲಲ್ಲ, ನನ್ನ ಕಾಲು. ಕೇಬಲ್ ನಾನೇ ಬಿಗದೀನಿ, ಅದು ನಿನ್ನಿ ಹೊಲದಾಗೇ ನನಗ ಗೊತ್ತಾಗಿತ್ತು, ನಿನಗ ಹೇಳಲಿಲ್ಲ."

ಅವಳು ಹಟ್ಟಿಯ ಬಾಗಿಲಿಗೆ ಕಟ್ಟಿಗೆ ಅಡ್ಡಕೊಟ್ಟು, ಅದು ಗಟ್ಟಿಯಾಗಿ ಕೂತಿದೆಯೇ ಎಂದು ಅಲ್ಲಾಡಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಎರಡನೇ ದಿನಾನೇ ಹೇಳಿದ್ನಲ್ರಿ, ಗಾಡಿ ಎಳೀಲತ್ತದ ಅಂತ."

"ಹೇಳಿದ್ದಿ."

"ಕಾಲು ಇಟ್ಟಿಲ್ಲ ಅಂತನೂ ಹೇಳ್ದೆ."

"ಹೌದು."

"ನೀವು ಕೇಳ್ಲಿಲ್ರಿ. ನೀವು ಕೇಳ್ದಿದ್ದಕ್ಕ ನಾನೂ ನನ್ನ ಮಾತು ಸುಳ್ಳಂತ ತಿಳ್ಕೊಂಡೆ."

ಇದನ್ನು ಅವಳು ಧ್ವನಿ ಏರಿಸದೆ ಅಂದಳು. ನನಗೆ ಅಳು ಬಂತು. ಅಳುವುದು ಅವಳ ಮುಂದೆ ಇನ್ನೊಂದು ಸಬೂಬಾಗುತ್ತದೆ ಎಂದು ತಡೆದುಕೊಂಡೆ.

"ಎಲ್ಲಿ ಬಿಗದಿದ್ರಿ, ತೋರಸ್ರಿ" ಅಂದಳು.

ಕಾರಿನ ಎಡಬಾಗಿಲು ತೆರೆದೆ. ಅವಳು ಕೆಳಗೆ ತಲೆ ಹಾಕಿ, ನಟ್ಟು ಯಾವುದು, ಕೇಬಲ್ಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಆ ಕಡೆಯ ಪೆಡಲ್ಲಿಗೆ ಹೇಗೆ ಸಿಕ್ಕಿದೆ ಎಲ್ಲ ಕೇಳಿದಳು. ಹೊಸ ಸ್ಪ್ರಿಂಗನ್ನು ನನ್ನಿಂದ ಬಿಚ್ಚಿಸಿ, ಪಾನಾ ಇಸಿದುಕೊಂಡು, ನಾನು ಬಿಗಿದಿದ್ದಷ್ಟೇ ಎರಡು ಸುತ್ತು ಬಿಗಿದಳು. ನನ್ನನ್ನು ಸೀಟಿನಲ್ಲಿ ಯಾವಾಗಲೂ ಕೂಡುವ ಹಾಗೆ ಕೂಡಲು ಹೇಳಿ, ಗಾಡಿಯ ಹಿಂದೆ ಹೋಗಿ ನಿಂತಳು. ಎಷ್ಟು ಹೊತ್ತು ನಿಂತಿದ್ದಳೋ, ನನಗೆ ಅದು ದೊಡ್ಡ ಹೊತ್ತು ಅನ್ನಿಸಿತು. ಬಂದು ಎರಡು ಸುತ್ತು ಸಡಲಿಸಿ, ಬೆರಳು ಇಟ್ಟು ಅಳೆದು, ಸ್ಪ್ರಿಂಗು ಮತ್ತೆ ಹಾಕಿಸಿ, ಮತ್ತೆ ಹಿಂದೆ ಹೋಗಿ ನೋಡಿದಳು.

"ನಾಳಿ ಕಲೀಲಿಕ್ಕ ಬರ್ತೇನಿ. ನಾಳಿದ್ದು ಟೆಸ್ಟಿಗೂ ಬರ್ತೇನಿ" ಅಂದಳು. "ಖರೇ, ಬೀದರತನಾ ನಿಮ್ಮ ಎರಡೂ ಕಾಲು ಸೀಟಿನ ಮ್ಯಾಲ ಇರ್ಬೇಕ್ರಿ."

"ಅದು ಕಾಯಿದೆಕ್ಕ ಬರಂಗಿಲ್ಲ. ಏನರೆ ಆದ್ರ ನಾ ಹಿಡಿಬೇಕು."

"ಏನರೆ ಆದ್ರ ಇಳಸ್ರಿ. ಆಗೋತನಾ ಮ್ಯಾಲಿರ್ಲಿ."

ಒಪ್ಪಿದೆ. ಸರಿಯೋ ತಪ್ಪೋ, ಕಲಿಸುವ ಬೇರೆಯವರು ನನ್ನನ್ನು ಬೈಯಬಹುದು. ಆದರೆ ಅವಳಿಗೆ ತನ್ನ ಕಾಲಿನ ಮೇಲೆ ಮತ್ತೆ ನಂಬಿಕೆ ಬರಬೇಕಾದರೆ ನನ್ನ ಕಾಲು ಅಲ್ಲಿ ಇಲ್ಲ ಎಂಬುದು ಕಣ್ಣಿಗೆ ಕಾಣಬೇಕಾಗಿತ್ತು.

ಟೆಸ್ಟಿನ ದಿನ ಔರಾದದಿಂದ ಬೀದರಿನವರೆಗೆ ನಾನು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಸುಖವಾಗಿ ಕೂತಿದ್ದೆ ಎಂದರೆ ಸುಳ್ಳಾಗುತ್ತದೆ. ಲಾರಿ ಎದುರಾದಾಗಲೆಲ್ಲ ಮಡಚಿದ ಕಾಲಿನ ಬೆರಳುಗಳು ತಾವೇ ಬಿಗಿದುಕೊಳ್ಳುತ್ತಿದ್ದವು. ಹೊಳೆಯ ಇಳಿಜಾರಿನಲ್ಲಿ ಬಾಗಿಲಿನ ಹಿಡಿಕೆ ಹಿಡಿದುಕೊಂಡೆ. ಅವಳು ಮೇಲಿನಿಂದಲೇ ಗೇರು ಇಳಿಸಿ, ಎರಡು ಸಲ ಮೆಲ್ಲಗೆ ಬ್ರೇಕು ಮುಟ್ಟಿ ಸೇತುವೆ ದಾಟಿದಳು. ಅವಳು ಎಷ್ಟು ದೂರದಿಂದಲೇ ರಸ್ತೆಯನ್ನು ಓದುತ್ತಾಳೆ ಎಂಬುದು ನನಗೆ ಕಂಡದ್ದು ಅಂದೇ. ಒಂದು ತಿಂಗಳು ಪಕ್ಕದಲ್ಲೇ ಕೂತು ನಾನು ನೋಡಿದ್ದು ಅವಳ ಕಾಲನ್ನು ಮಾತ್ರ. ಬೀದರಿನ ಮೈಲೂರು ಬಡಾವಣೆಯ ಓಣಿಗಳಲ್ಲಿ ಅರ್ಧ ಗಂಟೆ ರಿವರ್ಸ್ ಅಭ್ಯಾಸ ಮಾಡಿಸಿ, ಟೆಸ್ಟಿಗೆ ಕರೆದೊಯ್ದೆ.

ಇನ್ಸ್‌ಪೆಕ್ಟರು ನನ್ನ ಸೀಟಿನಲ್ಲಿ ಕೂತರು. ನಾನು ಬೇಲಿಯ ಹೊರಗೆ ನಿಂತೆ. ಎಂಟರ ಆಕಾರ ಸುತ್ತಿ, ಹಿಂದಕ್ಕೆ ತೆಗೆದು, ಎರಡು ಕಂಬಗಳ ನಡುವೆ ನಿಲ್ಲಿಸಿದಳು. ಒಮ್ಮೆಯೂ ಎಂಜಿನ್ ಆರಲಿಲ್ಲ. ಅವರು ಇಳಿದು ಕಾಗದದ ಮೇಲೆ ಬರೆದರು. ಪಾಸು.

ವಾಪಸು ಬರುವಾಗ ನಾನು ಓಡಿಸಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಊರಿನ ಕ್ರಾಸಿನಲ್ಲಿ ಇಳಿದು, "ಬರ್ತೇನ್ರಿ ಅಕ್ಕೋರೆ" ಅಂದಳು, ಅಷ್ಟೇ. ತಿಂಗಳ ಕೊನೆಯ ಸಭೆಯಲ್ಲಿ ಗಾಡಿ ಅವಳಿಗೇ ಆಯಿತು ಎಂದು ಬೇರೆಯವರಿಂದ ಕೇಳಿದೆ.

ನಾನು ಈಗಲೂ ಆಯಿಲ್ಲು, ಫಿಲ್ಟರು ಮನೆಯಲ್ಲೇ ಬದಲಿಸುತ್ತೇನೆ. ಬ್ರೇಕಿನ ಕೆಲಸವನ್ನೂ ಮಾಡುತ್ತೇನೆ, ಆದರೆ ಮುಗಿಸಿದ ಮೇಲೆ ಭಾಲ್ಕಿಗೆ ಒಯ್ದು ಮಿಸ್ತ್ರಿ ಚಾಚಾರ ಕೈಯಲ್ಲಿ ನೋಡಿಸದೆ ಕಲಿಯುವವರನ್ನು ಹತ್ತಿಸುವುದಿಲ್ಲ. ಶೋರೂಮಿನವರು ಆ ಮಾಸ್ಟರ್ ಸಿಲಿಂಡರು ಬದಲಿಸಿದ್ದರೂ ನನ್ನ ಕಾಲನ್ನು ಬದಲಿಸುತ್ತಿರಲಿಲ್ಲ, ಅವರ ಮೇಲಿನ ಸಿಟ್ಟು ಇನ್ನೂ ಹಾಗೇ ಇದೆ. ನನ್ನ ಮೇಲಿನದು ಮಾತ್ರ ಅದಕ್ಕಿಂತ ಹೆಚ್ಚು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಕಸದ ಗಾಡಿಯೊಂದು ನಮ್ಮ ಸ್ಕೂಲಿನ ಮುಂದೆ ಬಂದು ನಿಂತಿತು. ಯಾವುದೋ ಕಾಗದಕ್ಕೆ ತಾಲೂಕು ಕಚೇರಿಗೆ ಬಂದಿದ್ದಳು. ಖಾಕಿ ಕೋಟು, ಪಕ್ಕದಲ್ಲಿ ಇಬ್ಬರು ಹೆಂಗಸರು. ಇಳಿದು ಬಂದು ಮೊದಲಿನಂತೆಯೇ ಮಾತಾಡಿದಳು. ಚಹಾ ಕುಡಿದಳು. ಗಾಡಿ ಚೆನ್ನಾಗಿದೆ ಅಂದಳು, ಪಗಾರ ಹೆಸರಿಗೆ ಬಂತು ಅಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಎಲ್ಲ ಸರಿಹೋಯಿತು ಅಂದುಕೊಂಡುಬಿಟ್ಟೆ.

ಹೊರಡುವಾಗ ಗಾಡಿಯಲ್ಲಿದ್ದ ಇಬ್ಬರ ಕಡೆ ಕೈ ಮಾಡಿ, "ಇವರೂ ಕಲೀಬೇಕಂತಾರ್ರಿ" ಅಂದಳು.

"ಕಲೀಲಿ, ಅದಕ್ಕೇನು."

ಅವಳು ಚಹಾದ ಲೋಟವನ್ನು ಕಟ್ಟೆಯ ಮೇಲಿಟ್ಟಳು. "ಸಿಟ್ಟಿಲ್ರಿ ಅಕ್ಕೋರೆ. ನೀವು ಮನಿತನಾ ಬಂದು ಹೇಳಿದ್ರಿ, ಅದು ನಾ ಮರ್ಯಂಗಿಲ್ಲ. ಆದ್ರ ಇವರು ನನ್ನಕಿಂತ ಅಂಜ್ತಾರ್ರಿ. ಬೀದರದಾಗ ಛಲೋ ಕಲಸೋರು ಯಾರದಾರ, ನೀವೇ ಹೇಳ್ರಿ."

ನಾನು ಒಳಗೆ ಹೋಗಿ ಚೀಟಿ, ಪೆನ್ನು ತಂದೆ. ಆಮೇಲೆ ಚೀಟಿಯ ಮೇಲೆ ಒಂದು ಹೆಸರು ಬರೆದು ಕೊಟ್ಟೆ.